ಬೋಟಿನ ಮೋಟರ್ ಎತ್ತಿದ ಕಾರ್ತಿಕ

ಮೊನ್ನೆ ದೊಡ್ಡಬಳ್ಳಾಪುರದ ಹಾರ್ಡ್‌ವೇರ್ ಅಂಗಡಿಯಲ್ಲಿ ನಲ್ಲಿಗೆ ವಾಷರ್ ಕೇಳುತ್ತಾ ನಿಂತಿದ್ದೆ. ಪಕ್ಕದಲ್ಲಿ ಯಾರೋ ಸಿಲ್ವರ್ ಪೇಂಟಿನ ಡಬ್ಬಿಯ ಮುಚ್ಚಳ ತೆಗೆಸಿ, ಒಳಗೆ ಕಡ್ಡಿ ಆಡಿಸಿ ನೋಡುತ್ತಿದ್ದರು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನನಗೆ ಸಿಟ್ಟು ಬಂತು. ಪೇಂಟಿನ ವಾಸನೆಗೆ ಸಿಟ್ಟು ಮಾಡಿಕೊಳ್ಳುವ ಹೆಂಗಸು ಈ ತಾಲ್ಲೂಕಿನಲ್ಲಿ ನಾನೊಬ್ಬಳೇ ಇರಬೇಕು. ಅಂಗಡಿಯವನು ವಾಷರ್ ಕೊಟ್ಟು ಚಿಲ್ಲರೆ ಹುಡುಕುವಷ್ಟರಲ್ಲಿ ನಾನು ಅಲ್ಲಿರಲಿಲ್ಲ. ನಮ್ಮೂರ ಕೆರೆಯ ತೂಬಿನ ಹತ್ತಿರ, ಸೊಂಟದವರೆಗೆ ಕೆಸರು ನೀರಿನಲ್ಲಿ, ಕೈಯಲ್ಲಿ ಕುಡುಗೋಲು ಹಿಡಿದು ನಿಂತಿದ್ದೆ.

ನಾನು ಸೊಸೆಯಾಗಿ ಬಂದಾಗಿನಿಂದ ನಮ್ಮೂರ ಕೆರೆ ಕೋಡಿ ಬಿದ್ದದ್ದನ್ನು ನೋಡಿರಲಿಲ್ಲ. ಕೆರೆಯಂಗಳವೆಂದರೆ ಸೀಮೆಜಾಲಿ, ಇಟ್ಟಿಗೆಗೆ ಮಣ್ಣು ತೆಗೆದ ಗುಂಡಿ, ಭಾನುವಾರ ಹುಡುಗರ ಕ್ರಿಕೆಟ್ಟು. ಆ ವರ್ಷ ಮಾತ್ರ ಮಳೆಗೆ ಏನಾಗಿತ್ತೋ, ಶ್ರಾವಣದಲ್ಲಿ ಹಿಡಿದದ್ದು ಬಿಡಲೇ ಇಲ್ಲ. ಗಣೇಶನನ್ನು ಬಿಡುವ ಹೊತ್ತಿಗೆ ಕೆರೆ ಮುಕ್ಕಾಲು ತುಂಬಿತ್ತು. ಊರಿಗೆ ಊರೇ ಏರಿಯ ಮೇಲೆ ನಿಂತು, ಹೊಸದಾಗಿ ಮದುವೆಯಾಗಿ ಬಂದವಳನ್ನು ನೋಡುವಂತೆ ನೀರನ್ನು ನೋಡಿತು. ನೀರಿನ ಹಿಂದೆಯೇ ಅಂತರಗಂಗೆಯೂ ಬಂತು. ಕೆನ್ನೀಲಿ ಹೂವಿನ, ದಪ್ಪ ತೊಟ್ಟಿನ ಆ ಕಳೆ ಎಲ್ಲಿಂದ ತೇಲಿ ಬಂತೋ, ಮೊದಲ ದಿನ ಒಂದು ಮೊರದಷ್ಟಿದ್ದದ್ದು ವಾರದಲ್ಲಿ ಒಂದು ಕಣದಷ್ಟಾಯಿತು.

ಆಗ ನಾನು ಕೆರೆ ಸಂಘದ ಅಧ್ಯಕ್ಷೆ. ಅಧ್ಯಕ್ಷೆ ಎಂದರೆ ಬೈಗುಳ ತಿನ್ನುವ ಹುದ್ದೆ, ಬೇರೇನಲ್ಲ. ಕಳೆ ತೆಗೆಯಲು ಒಂದು ಬೋಟು ಬೇಕೆಂದು ಪಟ್ಟು ಹಿಡಿದವಳು ನಾನೇ. ಮುಚ್ಚಿಹೋದ ಯಾವುದೋ ರೆಸಾರ್ಟಿನಿಂದ ಹಳೆಯ ಫೈಬರ್ ಬೋಟೊಂದು ಬಂತು. ಅದರ ಹಿಂಬದಿಗೆ ಕಚ್ಚಿ ಕೂತಿದ್ದ ಒಂದು ಮೋಟರೂ ಜೊತೆಗೆ ಬಂತು. ಮೇಲೆ ಇಂಜಿನ್ನು, ಕೆಳಗೆ ಉದ್ದನೆಯ ಕಾಲು, ಆ ಕಾಲಿನ ತುದಿಯಲ್ಲಿ ರೆಕ್ಕೆ. ಬಟನ್ ಒತ್ತಿದರೆ ಕಾಲು ತಾನಾಗಿಯೇ ನೀರಿನಿಂದ ಮೇಲೇಳುತ್ತಿತ್ತು, ಇನ್ನೊಂದು ಒತ್ತಿದರೆ ಇಳಿಯುತ್ತಿತ್ತು. ಮೊದಲ ದಿನ ಊರಿನವರು ಮೋಟರು ಓಡಿದ್ದಕ್ಕಿಂತ ಅದರ ಕಾಲು ಎದ್ದದ್ದನ್ನೇ ಹೆಚ್ಚು ಮೆಚ್ಚಿದರು. ಬೋಟು ನಡೆಸಲು ನರಸಿಂಹಣ್ಣನನ್ನು ಹಿಡಿದು ತಂದೆವು. ಆತ ನೆಲಮಂಗಲದ ಕಡೆ ಬಹಳ ವರ್ಷ ಜಲ್ಲಿಯ ಟಿಪ್ಪರ್ ಓಡಿಸಿ, ಬೆನ್ನು ನೋವೆಂದು ಊರಿಗೆ ಬಂದು ಕೂತವನು. 'ಸ್ಟೇರಿಂಗು ಹಿಡ್ದಿದೀನಿ, ನೀರಾದ್ರೇನು ರೋಡಾದ್ರೇನು' ಎಂದು ಒಪ್ಪಿಕೊಂಡ.

ಆಯುಧಪೂಜೆ ಬಂತು. ನಮ್ಮ ಕಡೆ ಆಯುಧಪೂಜೆಗೆ ಪಂಪ್‌ಸೆಟ್ಟಿಗೆ, ಟ್ರಾಕ್ಟರಿನ ನೇಗಿಲಿಗೆ, ಸೀಮೆಹುಲ್ಲು ಕತ್ತರಿಸುವ ಯಂತ್ರಕ್ಕೆ, ಕಬ್ಬಿಣವೆಂದು ಕಂಡದ್ದಕ್ಕೆಲ್ಲ ಸಿಲ್ವರ್ ಪೇಂಟ್ ಹೊಡೆಯದಿದ್ದರೆ ಹಬ್ಬವೇ ಆಗುವುದಿಲ್ಲ. ಬೋಟಿನ ಮೋಟರಿಗೂ ಹೊಡೆದರು. ಹೊಡೆದರು ಎಂದರೆ ಹೇಗೆ? ತಲೆಯಿಂದ ಕಾಲಿನವರೆಗೆ, ಸಂದಿಗೊಂದಿ ಬಿಡದೆ, ಎರಡೆರಡು ಕೈ. ಮೇಲೆ ವಿಭೂತಿ ಪಟ್ಟೆ, ಕುಂಕುಮ, ನಿಂಬೆಹಣ್ಣು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎಂದು ನಾನು ನಕ್ಕೆ. ಆ ಬೋಟಿನ ಬ್ಯಾಟರಿ ಆಗಲೇ ಮುದಿಯಾಗಿತ್ತು, ವೈರುಗಳು ತುಕ್ಕು ಹಿಡಿದಿದ್ದವು. ಆದರೆ ದೂರದಿಂದ ನೋಡಿದರೆ ಮದುವಣಗಿತ್ತಿ.

ಕಾರ್ತಿಕದಲ್ಲಿ ರಾಗಿ ತೆನೆ ಬಾಗಿ ನಿಂತಿತ್ತು. ಇನ್ನೊಂದು ವಾರ ಬಿಸಿಲು ಕಾದರೆ ಕೊಯ್ಲು. ಅಷ್ಟರಲ್ಲಿ ಸೈಕ್ಲೋನು ಹಿಡಿಯಿತು. ಮಳೆ ಎಂದರೆ ಗುಡುಗು ಮಿಂಚಿನ ಮಳೆಯಲ್ಲ. ಹಗಲು ರಾತ್ರಿ ಒಂದೇ ಸಮ ಜರಡಿ ಹಿಡಿದಂತೆ ಸುರಿಯುವ ಮಳೆ, ಮೈಗಂಟುವ ಥಂಡಿ ಗಾಳಿ. ಕರೆಂಟು ಕಂಬಗಳು ಉರುಳಿ ಊರು ಕತ್ತಲಾಯಿತು. ಮೂಡಲ ಗಾಳಿಗೆ ಕೆರೆಯ ಅಂತರಗಂಗೆಯೆಲ್ಲ ತೇಲಿಕೊಂಡು ಹೋಗಿ ಒಂದೇ ಕಡೆ ಸೇರಿತು. ಎಲ್ಲಿ ಸೇರಬಾರದೋ ಅಲ್ಲೇ: ಕೋಡಿಯಲ್ಲಿ. ಕೆರೆ ತುಂಬಿದ ಮೇಲೆ ಹೆಚ್ಚಾದ ನೀರು ಹರಿದುಹೋಗಲೆಂದು ಹಿಂದಿನವರು ಕಟ್ಟಿದ ಕಲ್ಲಿನ ಬಾಯಿ ಅದು. ಆ ಬಾಯಿಗೆ ಕಳೆ ಹಾಸಿಗೆಯ ಹಾಗೆ ಕೂತು ಬಿರಡೆ ಹಾಕಿತು.

ಕೋಡಿ ಕಟ್ಟಿಕೊಂಡರೆ ನೀರು ಏರಿಯ ಮೇಲೆ ಏರುತ್ತದೆ. ನಮ್ಮ ಏರಿ ಒಂದು ಕಡೆ ತಗ್ಗು, ಕೆರೆ ಬತ್ತಿದ್ದ ಕಾಲದಲ್ಲಿ ಮಣ್ಣಿನ ಲಾರಿ ಹತ್ತಿ ಇಳಿದು ಸವೆದ ಜಾಗ. ಆ ತಗ್ಗಿನ ನೇರ ಕೆಳಗೆ ಕೆಳಗಿನ ಬೀದಿ, ಸಾಲಾಗಿ ಮನೆಗಳು. ಅದರಲ್ಲೊಂದು ನನ್ನ ಓರಗಿತ್ತಿ ನಾಗರತ್ನಳದು. ಮೈದುನನ ಹೆಂಡತಿ. ಮನೆ ಭಾಗವಾದಾಗ ಅವರಿಗೆ ಆ ಕಡೆ ನಿವೇಶನ ಬಂತು, ನಮಗೆ ಕೋಡಿ ಹಳ್ಳದ ಪಕ್ಕದ ಹೊಲ ಬಂತು. ಕೋಡಿ ಬೀಳದ ವರ್ಷಗಳಲ್ಲಿ ಆ ಹಳ್ಳ ಹೂಳು ತುಂಬಿ ನೆಲಸಮವಾಗಿತ್ತು. ಅಂದರೆ ಲೆಕ್ಕ ಸರಳ. ಕೋಡಿ ಬಿಡಿಸದಿದ್ದರೆ ಏರಿ ಒಡೆದು ಕೆಳಗಿನ ಬೀದಿ ಹೋಗುತ್ತದೆ. ಬಿಡಿಸಿದರೆ ನೀರು ಹಳ್ಳ ಹುಡುಕಿಕೊಂಡು ನಮ್ಮ ರಾಗಿಯ ಮೇಲೆ ಬರುತ್ತದೆ. ಇದು ಊರಿನ ಪ್ರತಿಯೊಬ್ಬರಿಗೂ ಗೊತ್ತಿತ್ತು. ಯಾರೂ ಬಾಯಿಬಿಟ್ಟು ಹೇಳಲಿಲ್ಲ.

ಆ ದಿನ ಬೆಳಿಗ್ಗೆ ನಾನು ಏರಿಗೆ ಹೋಗುವಷ್ಟರಲ್ಲಿ ತಗ್ಗಿನ ಕಡೆ ಮರಳು ಚೀಲ ಜೋಡಿಸುತ್ತಿದ್ದರು. ನೀರು ಏರಿಯ ನೆತ್ತಿಗೆ ಒಂದು ಮೊಳವಷ್ಟೇ ಬಾಕಿ. ಕೆಳಗಿನ ಬೀದಿಯವರು ದನಕರು, ಮುದುಕರು, ಮಕ್ಕಳನ್ನು ಶಾಲೆಗೆ ಸಾಗಿಸಿದ್ದರು. ಮನೆಯನ್ನು ಯಾರು ಸಾಗಿಸಿಯಾರು? ಜೆಸಿಬಿ ಕರೆಸಿದರೆ ಅದರ ಚಕ್ರ ಏರಿಯ ಬುಡದಲ್ಲೇ ಹೂತುಹೋಯಿತು. ಫೈರ್ ಸರ್ವೀಸಿಗೆ ಫೋನು ಮಾಡಿದರೆ ತಾಲ್ಲೂಕಿನ ಎಲ್ಲ ಕಡೆ ಇದೇ ಗೋಳು, ಅವರು ಬರುವುದು ಸಂಜೆಯಾಗುತ್ತದೆ. ದಡದಿಂದ ದೋಟಿ ಹಾಕಿ ಎಳೆದರೆ ಕಳೆಯ ಅಂಚೂ ಸಿಗುತ್ತಿರಲಿಲ್ಲ. ನೀರಿನ ಕಡೆಯಿಂದ ಹೋಗಿ ಕತ್ತರಿಸಬೇಕು. ಅದಕ್ಕೆ ಬೋಟು ಬೇಕು.

ಬೋಟು ಎಲ್ಲಿತ್ತು? ತೂಬಿನ ಪಕ್ಕದ ಮೆಟ್ಟಿಲ ಹತ್ತಿರ ಕಚ್ಚಿಕೊಂಡು ನಿಂತಿತ್ತು. ಹಿಂದಿನ ದಿನ ನರಸಿಂಹಣ್ಣ ಕೋಡಿಗೆ ಹೋಗಲು ನೋಡಿದಾಗ ರೆಕ್ಕೆಗೆ ಕಳೆ ಸುತ್ತಿಕೊಂಡು ಇಂಜಿನ್ನು ನಿಂತಿತ್ತು. ಮತ್ತೆ ಮತ್ತೆ ಸ್ಟಾರ್ಟ್ ಮಾಡಲು ಹೋಗಿ ಬ್ಯಾಟರಿ ಸತ್ತಿತು. ಗಾಳಿ ಬೋಟನ್ನು ದಡಕ್ಕೆ ತಳ್ಳಿತು. ಮೋಟರಿನ ಕಾಲು ಕೆಳಗೇ ಇಳಿದಿದ್ದರಿಂದ ಕೆಸರಿನಲ್ಲಿ ಗೂಟ ಹೊಡೆದಂತೆ ನಾಟಿಕೊಂಡಿತು.

"ಕಾಲು ಎದ್ರೆ ಸಾಕು ಸುನಂದಮ್ಮ," ಅಂದ ನರಸಿಂಹಣ್ಣ. "ಇಂಜಿನ್ನೂ ಬೇಡ, ಗಿಂಜಿನ್ನೂ ಬೇಡ. ಬಿದಿರು ಗಳ ಹಾಕ್ಕೊಂಡು ತಳ್ಕೊಂಡೇ ಹೋಗ್ಬೋದು. ಆದ್ರೆ ಇದು ಹಿಂಗೆ ಇಳ್ಕೊಂಡಿದ್ರೆ ಕಳೇಲಿ ಒಂದ್ ಮಾರು ಹೋಗಲ್ಲ."

"ಬ್ಯಾಟರಿ ತರೋಣ," ಅಂದೆ.

ಟ್ರಾಕ್ಟರಿನ ಬ್ಯಾಟರಿ ಬಿಚ್ಚಿ ತಂದರು. ಬಟನ್ ಒತ್ತಿದರೆ ಒಳಗೆಲ್ಲೋ ಟಿಕ್ ಎಂದಿತು, ಅಷ್ಟೇ. ಮತ್ತೆ ಒತ್ತಿದರೆ ಅದೂ ಇಲ್ಲ. ವೈರಿನಿಂದ ಸುಟ್ಟ ವಾಸನೆ ಬಂತು. ಮೋಟರನ್ನೇ ಬಿಚ್ಚಿ ಎಸೆಯೋಣವೆಂದರೆ ಬೋಲ್ಟುಗಳು ತುಕ್ಕು ಹಿಡಿದು ಫೈಬರಿಗೆ ಒಂದಾಗಿದ್ದವು.

ಆಗ ಮುನಿರಾಜು ಬಂದ. ನಮ್ಮ ಸುತ್ತಿನ ಬೋರ್‌ವೆಲ್‌ಗಳಲ್ಲಿ ಸುಟ್ಟ ಮೋಟರನ್ನು ಆಳದಿಂದ ಎತ್ತುವವನು ಅವನೇ. ಮೂರು ಕಾಲಿನ ಕಬ್ಬಿಣದ ಪೈಪು, ನಡುವೆ ನೇತಾಡುವ ಚೈನ್ ಪುಲ್ಲಿ, ಇದು ಅವನ ಆಸ್ತಿ. "ಅಷ್ಟು ಆಳದಿಂದ ಎತ್ತೋನಿಗೆ ಇದೇನಕ್ಕ? ಬಾಗಿ ಕೈಗೆತ್ಕೊಂಡಂಗೆ," ಅಂದ. ನಮಗೂ ಹೌದೆನಿಸಿತು. ಈ ಸೀಮೆಯಲ್ಲಿ ಹುಟ್ಟಿದವರಿಗೆ ಮೋಟರು ಕೆಟ್ಟರೆ ಮುಂದಿನ ಕೆಲಸ ಏನೆಂದು ಯೋಚಿಸಬೇಕಿಲ್ಲ. ಮೂರು ಕಾಲು ನಿಲ್ಲಿಸಿ ಚೈನು ಎಳೆಯುವುದು. ಪೈಪಿನ ಕಾಲುಗಳು ಕೆಸರಿನಲ್ಲಿ ಹೂತುಹೋಗದಂತೆ ಬುಡಕ್ಕೆ ಚಪ್ಪಡಿ ಕಲ್ಲು ಹಾಸಿದರು. ಮೋಟರಿನ ಕಾಲಿಗೆ ಹಗ್ಗ ಬಿಗಿದರು. ಎಲ್ಲರೂ ಸೇರಿ 'ಐಸಾ' ಎಂದು ಎಳೆದರು.

ಎದ್ದಿತು! ಊರು ಕೂಗಿತು. ಮರುಕ್ಷಣ ನೋಡಿದರೆ ಎದ್ದದ್ದು ಮೋಟರಿನ ಕಾಲಲ್ಲ, ಇಡೀ ಬೋಟಿನ ಹಿಂಭಾಗ. ಮೂತಿ ನೀರಿಗೆ ಚುಚ್ಚಿಕೊಂಡು ಗಳಗಳನೆ ಒಳಗೆ ನೀರು ನುಗ್ಗಿತು. ನರಸಿಂಹಣ್ಣ ಬೋಟಿನೊಳಗಿದ್ದವನು ಮಕ್ಕಳ ಜಾರುಬಂಡೆಯಲ್ಲಿ ಜಾರಿದಂತೆ ಮೂತಿಯವರೆಗೆ ಜಾರಿದ. ಮೋಟರಿನ ಕಾಲು ಮಾತ್ರ ಬೋಟಿನ ಜೊತೆ ಹೇಗಿತ್ತೋ ಹಾಗೇ, ಒಂದು ಬೆರಳು ಕದಲಿರಲಿಲ್ಲ.

"ಬಿಡ್ರೋ! ಬಿಡ್ರಲೇ, ಮುಳುಗ್ತದೆ!"

ಚೈನು ಬಿಟ್ಟೆವು. ಏರಿಯ ಮೇಲೆ ಯಾರೋ ನಕ್ಕರು. ನನಗೆ ಮೈಯೆಲ್ಲ ಉರಿಯಿತು. "ನಗೋರು ಕೆಳಕ್ ಬಂದು ನೀರು ಎತ್ತಾಕಿ," ಎಂದು ಕೂಗಿದೆ. ಬಂದರು, ಪಾಪ. ಬಿಂದಿಗೆ, ಬಕೆಟ್ಟು, ಹಾಲಿನ ಕ್ಯಾನಿನ ಮುಚ್ಚಳ, ಸಿಕ್ಕಿದ್ದರಲ್ಲೆಲ್ಲ ಬೋಟಿನ ನೀರು ಎತ್ತಿ ಹಾಕಿದರು. ಅಷ್ಟರಲ್ಲಿ ತಗ್ಗಿನ ಕಡೆಯಿಂದ ನಮ್ಮ ಮನೆಯವರು ಬಂದು, ಮರಳು ಚೀಲದ ಸಂದಿಯಲ್ಲಿ ನೀರು ಜಿನುಗಲು ಶುರುವಾಗಿದೆ ಎಂದು ಹೇಳಿಹೋದರು. ಅವರದು ಮಾತು ಕಡಿಮೆ. ಅಷ್ಟು ಹೇಳಿದರೆಂದರೆ ವಿಷಯ ದೊಡ್ಡದು.

ನರಸಿಂಹಣ್ಣ ಒದ್ದೆ ಬಟ್ಟೆಯಲ್ಲೇ ಮೋಟರಿನ ಹಿಂದೆ ಕುಕ್ಕರಗಾಲಿನಲ್ಲಿ ಕೂತು, ಬೋಟಿಗೂ ಮೋಟರಿಗೂ ನಡುವಿನ ಸಂದಿಯನ್ನು ನೋಡುತ್ತಿದ್ದ. ಅಲ್ಲೊಂದು ದಪ್ಪ ಕೊಳವೆ, ಅದರೊಳಗಿನಿಂದ ಹೊರಬಂದ ಸಲಾಕೆ.

"ಸುನಂದಮ್ಮ, ಇದು ಜಾಕಿ. ನಮ್ ಟಿಪ್ಪರ್‌ಗೆ ಇರೋ ಥರದ್ದೇ, ಮರಿ ಸೈಜು. ಒಳಗೆ ಆಯಿಲ್ ಐತೆ. ಆಯಿಲ್ ಬಿಡದೆ ಆನೆ ಕಟ್ಟಿ ಎಳುದ್ರೂ ಇದು ಬಿಡಲ್ಲ."

"ಟಿಪ್ಪರ್ ಜಾಕಿ ಕೆಟ್ಟು ಮೇಲೇ ನಿಂತ್ರೆ ಏನ್ ಮಾಡ್ತಿದ್ದೆ ನರಸಿಂಹಣ್ಣ?"

"ಆಯಿಲ್ ಬಿಡೋಕೆ ಒಂದು ತಿರುಪು ಇರ್ತದೆ. ಸಡ್ಲಿಸಿದ್ರೆ ತೊಟ್ಟಿ ತಾನೇ ಇಳೀತದೆ."

"ಹಂಗಾದ್ರೆ ಇದಕ್ಕೂ ಇರ್ಬೇಕಲ್ಲ!"

ಇರಬೇಕು. ಆದರೆ ಎಲ್ಲಿ? ಎಲ್ಲಿ ನೋಡಿದರೂ ಸಿಲ್ವರ್ ಪೇಂಟು. ಉಬ್ಬೂ ತಗ್ಗೂ ಒಂದೇ ಬಣ್ಣ, ಸಂದಿಯೆಲ್ಲ ಮುಚ್ಚಿ ನುಣ್ಣಗೆ ಹೊಳೆಯುತ್ತಿತ್ತು. ಆಯುಧಪೂಜೆಯ ದಿನ ಬ್ರಶ್ ಹಿಡಿದವರ ವಂಶವನ್ನೆಲ್ಲ ಮನಸ್ಸಿನಲ್ಲೇ ಒಮ್ಮೆ ಸ್ಮರಿಸಿದೆ. ಆಮೇಲೆ ನೀರಿಗಿಳಿದು ಕುಡುಗೋಲಿನ ತುದಿಯಿಂದ ಕೆರೆಯಲು ಶುರುಮಾಡಿದೆ. ಎಡಗಡೆ ಕೆರೆದೆ, ಬರೀ ಕಬ್ಬಿಣ. ಬಲಗಡೆ ಮುನಿರಾಜು ಉಳಿ ಹಿಡಿದ. ಥಂಡಿಗೆ ಬೆರಳು ಸೆಟೆದುಕೊಂಡು ಕುಡುಗೋಲು ಜಾರಿ ಹೆಬ್ಬೆರಳು ಸೀಳಿತು. ಸೆರಗು ಹರಿದು ಸುತ್ತಿಕೊಂಡೆ. ಬಲಗಡೆಯ ಬ್ರಾಕೆಟ್ಟಿನಲ್ಲಿ, ಒಂದು ತೂತಿನ ಒಳಗೆ, ಪೇಂಟಿನ ಹೆಪ್ಪು ಕಿತ್ತು ಬಂತು. ಅದರ ಹಿಂದೆ ಹಿತ್ತಾಳೆಯ ಬಣ್ಣ. ನಡುವೆ ಒಂದು ಗೀರು.

"ಸಿಕ್ತು ಕಣಕ್ಕ!"

ಸಿಕ್ಕರೆ ಆಯಿತೇ? ತಿರುಗಬೇಕಲ್ಲ. ಮುನಿರಾಜು ಸ್ಕ್ರೂಡ್ರೈವರ್ ಇಟ್ಟು ತಿರುಗಿಸಿದ, ಅಲ್ಲಾಡಲಿಲ್ಲ. ಜೋರು ಮಾಡಿದರೆ ತಲೆ ಸವೆದು ಗೀರೇ ಹೋಗುತ್ತದೆ, ಆಮೇಲೆ ದೇವರೇ ಬಂದರೂ ಇಲ್ಲ. ಅಷ್ಟು ಹೊತ್ತು ಹುಲಿಯಂತಿದ್ದವನ ಕೈ ಆಗ ನಿಂತಿತು. "ಮುರುದ್ರೆ ಏನಕ್ಕ ಮಾಡೋದು?" ಅಂದ.

"ಮುರೀಬೇಡ. ನಿಧಾನಕ್ಕೆ ಮಾಡು. ನೀರು ಬರೋವಾಗ ಬರ್ಲಿ."

ಟ್ರಾಕ್ಟರಿನಿಂದ ಡೀಸೆಲ್ ತಂದು ತೂತಿಗೆ ಬಿಟ್ಟೆವು. ಸ್ಕ್ರೂಡ್ರೈವರಿನ ಹಿಂಬದಿಗೆ ಸುತ್ತಿಗೆಯಿಂದ ಸಣ್ಣ ಸಣ್ಣ ಪೆಟ್ಟು, ಮತ್ತೆ ಡೀಸೆಲ್, ಮತ್ತೆ ಪೆಟ್ಟು. ಏರಿಯ ಮೇಲಿನ ಕೂಗಾಟ ಕೇಳಿಸದವನಂತೆ ಮುನಿರಾಜು ಹೊಡೆಯುತ್ತಾ ಹೋದ. ನಮ್ಮ ತಾಳ್ಮೆಯೂ ಒಂದು ಆಯುಧವೇ ಎಂದು ನನಗೆ ತಿಳಿದದ್ದು ಆ ಹೊತ್ತಿನಲ್ಲಿ. ಕೊನೆಗೆ ಸ್ಕ್ರೂಡ್ರೈವರಿನ ಕತ್ತಿಗೆ ಸ್ಪ್ಯಾನರ್ ಹಾಕಿ, ನರಸಿಂಹಣ್ಣ ಹಿಂದಿನಿಂದ ಒತ್ತಿ ಹಿಡಿದು, ಮುನಿರಾಜು ಉಸಿರು ಬಿಗಿಹಿಡಿದು ತಿರುಗಿಸಿದ. ಕಿರ್ ಎಂದು ಸದ್ದಾಯಿತು. ಮುರಿಯಿತೇನೋ ಎಂದು ನಾನು ಕಣ್ಣು ಮುಚ್ಚಿದೆ.

"ಬಂತು. ಇನ್ನೊಂದು ಸುತ್ತು. ಬಿಡ್ತು ನೋಡಕ್ಕ!"

ಮತ್ತೆ ಚೈನು ಹಾಕಿದರು. ಈ ಸಲ ನಾಲ್ಕು ಜನ ಬೋಟಿನ ಹಿಂಬದಿಯ ಮೇಲೆ ಭಾರ ಹಾಕಿ ಕೂತರು. ಜಗ್ಗಿದರೆ ಬರುತ್ತಿರಲಿಲ್ಲ. ಒಳಗಿನ ಆಯಿಲ್ ಒಂದು ಕಡೆಯಿಂದ ಇನ್ನೊಂದು ಕಡೆಗೆ ಜರುಗಲು ಹೊತ್ತು ಬೇಕಿತ್ತು. ಒಂದು ಕೊಂಡಿ ಎಳೆದು ನಿಲ್ಲಬೇಕು, ಇನ್ನೊಂದು ಕೊಂಡಿ, ಮತ್ತೆ ನಿಲ್ಲಬೇಕು. ಬಾವಿಯ ಮೋಟರನ್ನು ಪೈಪು ಪೈಪಾಗಿ ಎತ್ತುವವನಿಗೆ ಆ ನಿಧಾನ ಕೈಯಲ್ಲೇ ಇತ್ತು. ಪಚಕ್ ಎಂದು ಕೆಸರು ಬಿಟ್ಟಿತು. ಕಾಲು ಮೇಲೇಳತೊಡಗಿತು. ಮೊದಲು ಕೊಳೆತ ಬೇರಿನ ಗೊಂಚಲು, ಆಮೇಲೆ ಗೊಬ್ಬರದ ಚೀಲವೊಂದರ ಚಿಂದಿ, ಕೊನೆಗೆ ರೆಕ್ಕೆ. ನರಸಿಂಹಣ್ಣ ಓಡಿಬಂದು ತಿರುಪು ಬಿಗಿದ, ಕಾಲು ಮತ್ತೆ ಕುಸಿಯದಂತೆ. ಮೇಲೆ ಹಿಡಿದು ನಿಲ್ಲಿಸುವ ಕೊಕ್ಕೆಯೂ ಪೇಂಟಿನಲ್ಲಿ ಅಂಟಿಹೋಗಿತ್ತು. ಅದನ್ನು ಬಿಡಿಸುವ ಗೋಜಿಗೆ ಹೋಗದೆ ದನದ ಹಗ್ಗದಿಂದ ಬಿಗಿದು ಕಟ್ಟಿದೆವು.

ಬೋಟು ಹಗುರಾಗಿ ತೇಲಿತು. ಕಣ್ಣಲ್ಲಿ ನೀರು ಬಂತು. ಮಳೆಯಲ್ಲಿ ಯಾರಿಗೂ ಕಾಣದು ಎಂದು ಒರೆಸಿಕೊಳ್ಳಲೂ ಇಲ್ಲ.

ಗಳ ಹಾಕಲು ನರಸಿಂಹಣ್ಣ, ಮುನಿರಾಜು. ಕಳೆ ಕೊಯ್ಯುವುದು ಕುಡುಗೋಲಿನ ಕೆಲಸ, ಅದಕ್ಕೆ ನಾನು ಹತ್ತಿದೆ. ಹಿಂದೆಯೇ ನಾಗರತ್ನ ಸೀರೆ ಎತ್ತಿಕಟ್ಟಿ ಹತ್ತಿದಳು.

"ನೀನ್ಯಾಕೆ? ಇಳಿ," ಅಂದೆ.

"ನನ್ ಮನೆ ಉಳ್ಸೋಕೆ ನೀನು ಹೋಗ್ತೀಯಾ, ನಾನು ದಡದಾಗೆ ನಿಂತು ಬಳೆ ಎಣಿಸ್ಲಾ?" ಅಂದವಳು, ಸ್ವಲ್ಪ ತಗ್ಗಿದ ದನಿಯಲ್ಲಿ, "ಅಕ್ಕಾ, ಕೋಡಿ ಬಿಟ್ರೆ ನಿಮ್ ರಾಗಿ..." ಎಂದಳು.

"ರಾಗಿ ವರ್ಷಾ ವರ್ಷಾ ಬರ್ತದೆ. ಮನೆ ವರ್ಷಾ ವರ್ಷಾ ಕಟ್ಟೋಕಾಗ್ತದಾ? ಕುಡುಗೋಲು ತಗೋ."

ಭಾಗವಾದಾಗಿನಿಂದ ನಾವಿಬ್ಬರೂ ಹಬ್ಬಕ್ಕೆ ಮಾತ್ರ ಮಾತಾಡುತ್ತಿದ್ದವರು. ಅಷ್ಟು ಹತ್ತಿರ ಕೂತು ವರ್ಷಗಳೇ ಆಗಿದ್ದವು.

ಬೋಟಿನ ಹಿಂಬದಿಗೆ ಕಟ್ಟಿದ ಉದ್ದನೆಯ ಹಗ್ಗದ ಇನ್ನೊಂದು ತುದಿ ಏರಿಯ ಮೇಲೆ, ನಮ್ಮ ಮನೆಯವರ ಕೈಯಲ್ಲಿ. ಅವರ ಹಿಂದೆ ಹತ್ತಾರು ಜನ, ಎಲ್ಲರ ಹಿಂದೆ ಒಂದು ಹೊಂಗೆಮರಕ್ಕೆ ಸುತ್ತು. ಕಳೆ ಬಿಟ್ಟುಕೊಂಡರೆ ನೀರು ನಮ್ಮನ್ನೂ ಸೆಳೆದು ಕೋಡಿಯಾಚೆ ಎಸೆಯುತ್ತದೆ. ಹಿಡಿದು ನಿಲ್ಲಿಸುವುದು ಆ ಹಗ್ಗವೊಂದೇ. ಅಂತರಗಂಗೆಯ ಹಾಸಿಗೆಯ ಅಂಚಿಗೆ ಹೋಗಿ, ಹೊಸೆದುಕೊಂಡ ಬೇರನ್ನು ಕೊಯ್ದು, ತುಂಡಿಗೆ ಹಗ್ಗದ ಕುಣಿಕೆ ಹಾಕುತ್ತಿದ್ದೆವು. ಇನ್ನೊಂದು ದಡದವರು ಅದನ್ನು ಎಳೆದುಕೊಳ್ಳುತ್ತಿದ್ದರು. ರಾಗಿ ಕೊಯ್ದಂತೆ ಬಾಗಿ ಬಾಗಿ ಕೊಯ್ದೆವು, ಸೊಂಟ ಬಿಟ್ಟುಹೋಗುವವರೆಗೆ. ನಾಗರತ್ನಳ ಕೈ ಸೋತಾಗ ನಾನು, ನನ್ನದು ಸೋತಾಗ ಅವಳು.

ಮಧ್ಯಾಹ್ನ ತಿರುಗಿದ ಮೇಲೆ ಹಾಸಿಗೆ ಒಮ್ಮೆ ನಡುಗಿತು. "ಕುತ್ಕೊಳ್ರಿ!" ಎಂದು ನರಸಿಂಹಣ್ಣ ಕಿರುಚಿದ. ಉಳಿದ ಕಳೆಯೆಲ್ಲ ಒಂದೇ ಸಲಕ್ಕೆ ಮಡಚಿಕೊಂಡು ಕೋಡಿಯ ಬಾಯೊಳಗೆ ಇಳಿಯಿತು. ಬೋಟು ಅದರ ಹಿಂದೆಯೇ ಓಡಿತು. ನಾಗರತ್ನ ನನ್ನನ್ನು ತಬ್ಬಿದಳೋ, ನಾನೇ ಅವಳನ್ನು ತಬ್ಬಿದೆನೋ ತಿಳಿಯದು. ಹಗ್ಗ ಬಿಗಿಯಿತು, ಬೋಟು ಜಗ್ಗಿ ನಿಂತಿತು. ಎದುರಿಗೆ ಕೋಡಿ ಮೊರೆಯುತ್ತಿತ್ತು. ನೀರು ಕೆಂಪಗೆ, ಮೈದುಂಬಿ, ಕಲ್ಲಿನ ಮೇಲಿಂದ ಹಳ್ಳಕ್ಕೆ ಬಿತ್ತು. ಅಲ್ಲಿಂದ ಎಲ್ಲಿಗೆ ಹೋಯಿತೆಂದು ನಾನು ತಿರುಗಿ ನೋಡಲಿಲ್ಲ.

ಸಂಜೆಯ ಹೊತ್ತಿಗೆ ಏರಿಯ ಮೇಲೆ ನೀರಿನ ಗೆರೆ ಕೆಳಗಿಳಿದಿತ್ತು. ನಮ್ಮ ಮನೆಯವರು ಹಗ್ಗ ಉಜ್ಜಿ ಸುಲಿದ ಅಂಗೈಗೆ ಕೊಬ್ಬರಿ ಎಣ್ಣೆ ಸವರಿಕೊಳ್ಳುತ್ತಾ ಜಗಲಿಯ ಮೇಲೆ ಕೂತಿದ್ದರು.

"ಹೊಲದ ಕಡೆ ಹೋಗಿದ್ರಾ?" ಅಂದೆ.

"ಹೂಂ."

"ಎಷ್ಟು ಹೋಗೈತೆ?"

ಎಣ್ಣೆಯ ಬಟ್ಟಲು ಪಕ್ಕಕ್ಕಿಟ್ಟು, "ಈ ವರ್ಷ ಸೊಸೈಟಿ ರಾಗಿ ತಿನ್ನೋಣ ಬಿಡು," ಅಂದರು.

ಬೆಳೆದು ತಿನ್ನುವ ಮನೆಯವರಿಗೆ ರೇಷನ್ ಅಂಗಡಿಯ ರಾಗಿ ತಿನ್ನುವ ಆ ಮಾತು ಎಷ್ಟು ಭಾರವೆಂದು ನಮ್ಮ ಸೀಮೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ನಾನು ಒಳಗೆ ಹೋಗಿ ಒಲೆಯ ಮುಂದೆ ಕೂತು ಅತ್ತೆ. ಮಾಡಿದ್ದು ಸರಿಯೆಂದು ಗೊತ್ತಿದ್ದೇ ಅತ್ತೆ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲವಲ್ಲ ಎಂಬ ಸಂಕಟಕ್ಕೆ ಸರಿ ತಪ್ಪು ತಿಳಿಯುವುದಿಲ್ಲ.

ಮಾರನೆಯ ಬೆಳಿಗ್ಗೆ ಮಳೆ ಹೊಳವಾಗಿತ್ತು. ಹೊಲದ ಕಡೆಯಿಂದ ಮಾತು ಕೇಳಿಸಿತೆಂದು ಹೋದೆ. ರಾಗಿ ಅರ್ಧ ಮಲಗಿತ್ತು, ನಡುವೆ ಮೊಣಕಾಲೆತ್ತರ ನೀರು ಹರಿಯುತ್ತಿತ್ತು. ಆ ನೀರಿನಲ್ಲಿ ಕೆಳಗಿನ ಬೀದಿಯ ಜನವೆಲ್ಲ ನಿಂತಿತ್ತು. ಬಾಶೆಟ್ಟಿಹಳ್ಳಿಯ ಫ್ಯಾಕ್ಟರಿಗೆ ಶಿಫ್ಟಿಗೆ ಹೋಗುವವರು ಕೂಡ ರಜ ಹಾಕಿ ಬಂದಿದ್ದರು. ಯಾರೂ ಕರೆದಿರಲಿಲ್ಲ. ನಮ್ಮಲ್ಲಿ ಒಬ್ಬರ ಹೊಲಕ್ಕೆ ಇನ್ನೊಬ್ಬರು ಮುಯ್ಯಾಳಾಗಿ ಹೋಗುವುದುಂಟು, ಅವರು ಬಂದು ದುಡಿದರೆ ನಾವು ಹೋಗಿ ದುಡಿದು ತೀರಿಸುವುದು. ಅವರು ಅಂದು ಬಂದದ್ದು ಆ ಮುಯ್ಯಿಗೇ. ಪೈರು ಬುಡಸಮೇತ ಕೊಯ್ಯುವಂತಿರಲಿಲ್ಲವಾದ್ದರಿಂದ ನೀರಿನ ಮೇಲೆ ತಲೆಯೆತ್ತಿದ್ದ ತೆನೆಗಳನ್ನಷ್ಟೇ ಕೊಯ್ದು ಮಂಕರಿಗೆ ತುಂಬುತ್ತಿದ್ದರು.

"ಕೊಯ್ದು ಎಲ್ಲಿಗೆ ಹಾಕ್ತೀರಾ?" ಎಂದು ನಾನು ದಡದಿಂದಲೇ ರೇಗಿದೆ. "ಕಣ ಕೆಸರಾಗೈತೆ. ಬಿಸಿಲಿಲ್ಲ. ಗುಡ್ಡೆ ಹಾಕುದ್ರೆ ನಾಳೆಗೇ ಮೊಳಕೆ ಬರ್ತದೆ."

"ಅದನ್ನ ನಮಗ್ ಬಿಡು," ಎಂದಳು ನಾಗರತ್ನ, ತಲೆಯೆತ್ತದೆ.

ಮಂಕರಿ ಹೊತ್ತವರ ಸಾಲು ಏರಿ ದಾಟಿ ಹೋಯಿತು, ಬಂತು, ಹೋಯಿತು. ನಾನೂ ಇಳಿದು ಕೊಯ್ದೆ. ಅವರು ಎಲ್ಲಿಗೆ ಒಯ್ಯುತ್ತಿದ್ದಾರೆಂದು ಕೇಳುವ ತ್ರಾಣವೂ ಇರಲಿಲ್ಲ. ಬೆಳಕು ಕಂತುವ ಮುನ್ನ ನೋಡಿ ಬರೋಣವೆಂದು ಕೆಳಗಿನ ಬೀದಿಗೆ ಹೋದೆ. ಎಲ್ಲರೂ ಮನೆಯ ಹೊರಗೆ, ಜಗಲಿಯ ಮೇಲೆ, ಮೆಟ್ಟಿಲ ಮೇಲೆ, ಚಾಪೆ ದಿಂಬು ಹಾಕಿಕೊಂಡು ಕೂತಿದ್ದರು. ನಾಗರತ್ನ ಹೊಸ್ತಿಲ ಈಚೆ ಕೂತು ತಟ್ಟೆಯಲ್ಲಿ ಉಣ್ಣುತ್ತಿದ್ದಳು. ಒಳಗೆ ನಡುಮನೆ, ಕೋಣೆ, ಅಡುಗೆಮನೆಯ ಬಾಗಿಲವರೆಗೆ ಒಣ ನೆಲದ ಮೇಲೆ ತೆನೆಯನ್ನು ತೆಳ್ಳಗೆ, ಒಂದರ ಮೇಲೊಂದು ಬೀಳದಂತೆ ಹರವಿದ್ದರು. ಪಕ್ಕದ ಮನೆಯಲ್ಲೂ ಹಾಗೇ. ಅದರ ಪಕ್ಕದ ಮನೆಯಲ್ಲೂ.

"ಒಳಕ್ ಬಾ ಅನ್ನಂಗಿಲ್ಲ ಕಣಕ್ಕ," ಎಂದಳು ನಾಗರತ್ನ, ಪಕ್ಕಕ್ಕೆ ಸರಿದು ಜಾಗ ಮಾಡುತ್ತಾ. "ನಿಮ್ ರಾಗಿ ಮಲ್ಗೈತೆ."